ಡೇರಿ ಜಗಲಿಯಲ್ಲಿ ನಾನು ನುಂಗಿಕೊಂಡ ಮೇಲಿನ ನಂಬರು

ಕಾವ್ಯ, ಹರೀಶ, ಇಬ್ಬರೂ ಜೊತೆಯಲ್ಲಿ ಕೂತು ಇದನ್ನು ಓದಿ. ಹರೀಶ ತಮಿಳು ಶಾಲೆಯಲ್ಲಿ ಓದಿದವನು, ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾನೆ. ಅವನು ತಡವರಿಸಿದ ಕಡೆ ಕಾವ್ಯ ಓದಿ ಹೇಳಲಿ.

ಹೋದ ಭಾನುವಾರ ಕಾವ್ಯ ಕೃಷ್ಣಗಿರಿಯ ನರ್ಸಿಂಗ್ ಹಾಸ್ಟೆಲ್ಲಿನಿಂದ ಬಂದವಳು ನನ್ನ ಪಕ್ಕ ಕೂತು, ‘ಅಜ್ಜಿ, ಅಷ್ಟು ವರ್ಷ ಮುದುಕ್ರಿಗೆ ಬಿಪಿ ನೋಡಿದ್ಯಲ್ಲ, ಪುಸ್ತಕದಲ್ಲಿ ಇಲ್ದೇ ಇರೋದು ಏನಾದ್ರೂ ಹೇಳು’ ಅಂದಳು. ನಾನು ಬಾಯಿ ತೆರೆಯುವ ಮೊದಲೇ ಊಟಕ್ಕೆ ಬಂದಿದ್ದ ನೆಂಟರೊಬ್ಬರು, ‘ಅದ್ರಲ್ಲಿ ಹೇಳಾಕೇನೈತಮ್ಮಿ? ವಯಸ್ಸಿಗೆ ನೂರು ಸೇರ್ಸು, ಅಷ್ಟಿದ್ರೆ ಸರಿಗೈತೆ ಅಂತ. ಕೆಳಗಿಂದು ನೆಟ್ಟಗಿದ್ರೆ ಮೇಲಿಂದುಕ್ಕೆ ಯಾಕೆ ತಲೆ ಕೆಡಿಸ್ಕೋಬೇಕು?’ ಅಂದರು. ನನ್ನ ಕೈಯಲ್ಲಿದ್ದ ಲೋಟವನ್ನು ಠಣ್ ಅಂತ ಕೆಳಗಿಟ್ಟೆ. ನಾಚಿಕೆಯಿಂದಲ್ಲ, ಕೋಪದಿಂದ. ಆದರೂ ಏನೂ ಹೇಳದೆ ಅಡಿಗೆಮನೆಗೆ ಎದ್ದು ಹೋದೆ. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ, ಅದು ನಿಮಗೂ ಗೊತ್ತು. ಆ ಮಾತು ಹೊರಡದೇ ಹೋದದ್ದರಿಂದ ಒಂದು ಜೀವಕ್ಕೆ ಏನಾಯಿತು ಎಂಬುದು ಮಾತ್ರ ನಿಮಗೆ ಗೊತ್ತಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮಪ್ಪನಿಗೆ ಹತ್ತು ವರ್ಷ. ನಾನು ಊರಿನ ಕನ್ನಡ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದ್ದೆ, ಅಷ್ಟೇ. ಪಕ್ಕದ ಮನೆಯ ಚೌಡಕ್ಕ ನನಗಿಂತ ಇಪ್ಪತ್ತು ವರ್ಷಕ್ಕೆ ದೊಡ್ಡವಳು. ಒಂದು ಬೆಳಗ್ಗೆ ನನ್ನ ರೆಟ್ಟೆ ಹಿಡಿದು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದಳು. ಆರೋಗ್ಯ ಕೇಂದ್ರದಲ್ಲಿ ಡಾಕ್ಟರ ಮೇಜಿನ ಮುಂದೆ ನನ್ನನ್ನು ನಿಲ್ಲಿಸಿ, ‘ಈ ನಂಜಮ್ಮಂಗೆ ಓದಾಕೆ ಬರಿಯಾಕೆ ಬತ್ತದೆ ಸಾಮಿ. ಬಾಯೊಂದಿಲ್ಲ. ಬಾಯಿ ನಂಗೈತೆ, ಅದ್ಕೇ ನಾನ್ ಕೇಳ್ತಿವ್ನಿ. ಒಂದು ಕೆಲ್ಸ ಕೊಡಿ’ ಅಂದಳು. ನಮ್ಮದು ತಮಿಳುನಾಡಿಗೆ ಸೇರಿದ ಗಡಿ ಸೀಮೆಯಲ್ಲವೇ, ಡಾಕ್ಟರಿಗೆ ಕನ್ನಡ ಅಷ್ಟಕ್ಕಷ್ಟೇ. ಚೌಡಕ್ಕ ಅದನ್ನೇ ತಮಿಳಿನಲ್ಲಿ ಹೇಳಿದಳು, ಸಾಲದು ಅಂತ ತೆಲುಗಿನಲ್ಲಿ ಇನ್ನೊಮ್ಮೆ ಹೇಳಿದಳು. ಮೂರು ಭಾಷೆಯಲ್ಲಿ ಬೇಡಿಸಿಕೊಂಡ ಮೇಲೆ ಅವರು ನಗುತ್ತಾ ಒಪ್ಪಿದರು.

ಗುಡಿಸುವುದು, ಸಿರಿಂಜು ಕುದಿಸುವುದು, ಚೀಟಿ ಹರಿದು ಕೊಡುವುದು, ಇವೆಲ್ಲ ಆದ ಮೇಲೆ ಸಿಸ್ಟರ್ ನನಗೆ ಬಿಪಿ ನೋಡುವುದನ್ನು ಕಲಿಸಿದರು. ಆಗ ಪಾದರಸದ ಉದ್ದನೆ ಪೆಟ್ಟಿಗೆ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಕೊಳವೆ ಕಿವಿಗಿಟ್ಟುಕೊಂಡು ನಿಧಾನವಾಗಿ ಗಾಳಿ ಬಿಡಬೇಕು. ‘ದಬ್’ ಅಂತ ಮೊದಲ ಸದ್ದು ಕೇಳಿದಾಗ ಪಾದರಸ ಎಲ್ಲಿದೆಯೋ ಅದು ಮೇಲಿನ ನಂಬರು, ಗುಂಡಿಗೆ ರಕ್ತವನ್ನು ತಳ್ಳುವ ಹೊತ್ತಿನದು. ಸದ್ದು ಪೂರ್ತಿ ಸತ್ತಲ್ಲಿ ಕೆಳಗಿನ ನಂಬರು, ಗುಂಡಿಗೆ ಎರಡು ಬಡಿತದ ನಡುವೆ ಸುಧಾರಿಸಿಕೊಳ್ಳುವ ಹೊತ್ತಿನದು. ಮಾತು ಬಾರದವಳಿಗೆ ಕೇಳುವ ಕೆಲಸ ಸಿಕ್ಕಿತಲ್ಲ ಅಂತ ನಾನು ಹಿಗ್ಗಿದೆ.

ಉದ್ದನಪಲ್ಲಿ ರಸ್ತೆಯಿಂದ ಒಳಗಿರುವ ನಮ್ಮ ಹಳ್ಳಿಯ ವಯಸ್ಸಾದವರ ಬಿಪಿ ನೋಡುವುದು ನನ್ನ ಪಾಲಿಗೆ ಬಂತು. ಮನೆಮನೆಗೆ ಹೋದರೆ ಯಾರೂ ಸಿಗುತ್ತಿರಲಿಲ್ಲ, ಹೊಲದಲ್ಲಿರುತ್ತಿದ್ದರು. ಬೆಳಗಿನ ಹೊತ್ತು ಎಲ್ಲರೂ ಬರುವ ಜಾಗ ಅಂದರೆ ಹಾಲಿನ ಡೇರಿ. ಅದರ ಜಗಲಿಯ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಅಲ್ಲಿಂದಲೇ ತಪ್ಪು ಶುರುವಾಯಿತು.

ಡೇರಿಯಲ್ಲಿ ಹಾಲು ಸುರಿದವರಿಗೆ ಟೆಸ್ಟರ್ ಒಂದು ನಂಬರು ಕೂಗುತ್ತಾನೆ, ಹಾಲಿನ ಕೊಬ್ಬು ಎಷ್ಟು ಅಂತ. ಒಬ್ಬರಿಗೆ ಒಂದು ನಂಬರು. ಅದನ್ನು ಕೇಳಿಸಿಕೊಂಡು ಬಂದವರು ನನ್ನ ಮುಂದೆ ತೋಳು ಚಾಚುತ್ತಿದ್ದರು. ನಾನು ಎರಡು ನಂಬರು ಹೇಳಿದರೆ ಅವರಿಗೆ ರೇಗುತ್ತಿತ್ತು.

‘ಎಲ್ಡೆಲ್ಡು ಯಾಕಮ್ಮಿ? ಯಾವ್ದಾನ ಒಂದು ಬೊಗುಳು’ ಅನ್ನುತ್ತಿದ್ದ ಪಾಪಣ್ಣ. ಅವನು ಎರಡು ಎಮ್ಮೆ ಕಟ್ಟಿದ್ದ ಮುದುಕ, ಡೇರಿಗೆ ಹಾಲು ತರುತ್ತಿದ್ದದ್ದಕ್ಕಿಂತ ಹರಟೆ ತರುತ್ತಿದ್ದದ್ದೇ ಹೆಚ್ಚು.

ಯಾವುದು ಹೇಳಲಿ ಅಂತ ಡಾಕ್ಟರನ್ನು ಕೇಳಿದೆ. ‘ಕೀಳ ಇರುಕ್ಕಿರ ನಂಬರ್ ದಾಮ್ಮಾ ಮುಖ್ಯಂ’ ಅಂದರು. ಕೆಳಗಿನದೇ ಮುಖ್ಯ. ಮೇಲಿನದು ವಯಸ್ಸಿನ ಜೊತೆ ಏರುವುದು ಸಹಜ, ವಯಸ್ಸಿಗೆ ನೂರು ಸೇರಿಸಿದಷ್ಟು ಇದ್ದರೆ ನಾರ್ಮಲ್ ಅಂತ ಬರೆ, ದೊಡ್ಡ ನಂಬರು ಹೇಳಿ ಮುದುಕರನ್ನು ಹೆದರಿಸಬೇಡ, ಅಂದರು. ಅವರು ಕಲಿತ ಕಾಲದಲ್ಲಿ ಹಾಗೆ ಹೇಳಿಕೊಟ್ಟಿದ್ದರೋ ಏನೋ. ಆಮೇಲೆ ಬದಲಾದದ್ದನ್ನು ಓದುವ ವ್ಯವಧಾನ ಅವರಿಗಿರಲಿಲ್ಲ. ಇವತ್ತು ಇದನ್ನು ಬರೆಯುವಾಗಲೂ ನನಗೆ ಹಲ್ಲು ಕಡಿಯುವಂತಾಗುತ್ತದೆ.

ನಾನು ಕೆಳಗಿನ ನಂಬರನ್ನೇ ಹೇಳತೊಡಗಿದೆ. ಊರೆಲ್ಲ ಅದನ್ನೇ ಹಿಡಿದುಕೊಂಡಿತು. ಡೇರಿ ಕಟ್ಟೆಯ ಮೇಲೆ ಮುದುಕರು ‘ನಂದು ಎಂಬತ್ತು, ನಿಂದೆಷ್ಟ್ಲಾ?’ ಅಂತ ಕೇಳಿಕೊಳ್ಳುತ್ತಿದ್ದರು. ಕಡಿಮೆ ಬಂದವರು ಗೆದ್ದಂತೆ. ಎಲ್ಲರಿಗಿಂತ ಕಡಿಮೆ ಚೌಡಕ್ಕನದು, ಎಪ್ಪತ್ತು. ಒಮ್ಮೊಮ್ಮೆ ಅರವತ್ತೆಂಟು. ‘ನೋಡ್ರಲಾ, ಎಪ್ಪತ್ತೆಲ್ಡು ವರ್ಸ, ರಾಗಿಮುದ್ದೆ ತಿಂದ ಮೈ! ನಿಮ್ಗೆಲ್ಲ ಎಂಬತ್ತೈದು, ತೊಂಬತ್ತು. ಸೊಸೇರ ಕೈ ಊಟ ಅಲ್ವಾ, ಹಂಗೇ ಬತ್ತದೆ’ ಅಂತ ಹಂಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಎರಡೂ ನಂಬರು ಇದ್ದವು. ಚೌಡಕ್ಕ, ನೂರ ಎಪ್ಪತ್ತು, ಎಪ್ಪತ್ತು. ಮುಂದಿನ ತಿಂಗಳು ನೂರ ಎಂಬತ್ತು, ಅರವತ್ತೆಂಟು. ಅದರಲ್ಲೂ ನನ್ನದೊಂದು ತಪ್ಪಿತ್ತು. ಪಟ್ಟಿ ಬಿಗಿದರೆ ಮುದುಕಿಯರು ‘ಅಯ್ಯೋ ಕೈ ಮುರೀತದೆ’ ಅಂತ ಕಿರುಚುತ್ತಿದ್ದರು ಅಂತ ನಾನು ಸಾಕಷ್ಟು ಗಾಳಿ ತುಂಬುತ್ತಿರಲಿಲ್ಲ. ಎಷ್ಟೋ ಜನರ ಮೇಲಿನ ನಂಬರು ನಾನು ಬರೆದದ್ದಕ್ಕಿಂತ ಇನ್ನೂ ಮೇಲಿತ್ತು. ಒಂದು ದಿನ ಸಿಸ್ಟರ್ ನೋಡಿ ಬೈದರು. ಮಣಿಕಟ್ಟಿನ ನಾಡಿ ಬೆರಳಿಗೆ ಸಿಗದೆ ಹೋಗುವವರೆಗೂ ತುಂಬಬೇಕು, ಅದರ ಮೇಲೆ ಇನ್ನೂ ಮೂವತ್ತು ಏರಿಸಬೇಕು, ಆಮೇಲೆ ಇಳಿಸಬೇಕು. ಹಾಗೆ ಮಾಡಿದಾಗ ಚೌಡಕ್ಕನಿಗೆ ನೂರ ತೊಂಬತ್ತು ಬಂತು.

ಹೆದರಿ ಡಾಕ್ಟರ ಹತ್ತಿರ ಹೋದೆ. ಹೊರಗೆ ಚೀಟಿ ಹಿಡಿದವರು ಇಪ್ಪತ್ತು ಜನ ಇದ್ದರು. ‘ಸಾರ್, ನಮ್ಮೂರ ಚೌಡಮ್ಮಂಗೆ ಮೇಲೆ ನೂರ ತೊಂಬತ್ತು’ ಅಂದೆ. ‘ಕೆಳಗೆ?’ ಅಂದರು. ‘ಎಪ್ಪತ್ತು.’ ಅವರು ಪೆನ್ನು ಕೆಳಗಿಟ್ಟು ಎಲ್ಲರಿಗೂ ಕೇಳುವಂತೆ, ‘ಏಮ್ಮಾ, ನೀ ಡಾಕ್ಟರಾ, ನಾನ್ ಡಾಕ್ಟರಾ?’ ಅಂದರು. ಇಪ್ಪತ್ತು ಜನವೂ ನಕ್ಕರು. ಕೆಳಗೆ ಎಪ್ಪತ್ತಿದ್ದರೆ, ವಯಸ್ಸಿನ ಲೆಕ್ಕ ದಾಟಿದ್ದರೂ ನಾರ್ಮಲ್ ಅಂತಲೇ ಬರೆ ಅಂತ ಹೇಳಿ ಡಾಕ್ಟರು ನನ್ನನ್ನು ಕಳಿಸಿದರು. ಆವತ್ತು ಮುಚ್ಚಿದ ಬಾಯನ್ನು ನಾನು ವರ್ಷಗಟ್ಟಲೆ ತೆರೆಯಲಿಲ್ಲ. ಅವರ ಮೇಲೆ ನನಗೆ ಇರುವ ಸಿಟ್ಟು ಒಂದು ಪಾಲಾದರೆ, ಆ ನಗೆಗೆ ಹೆದರಿದ ನನ್ನ ಮೇಲೆ ಇರುವುದು ಎರಡು ಪಾಲು. ನೋಟ್‌ಬುಕ್ಕು ನನ್ನ ಕಂಕುಳಲ್ಲೇ ಇತ್ತು. ತೆರೆದು ಮೇಜಿನ ಮೇಲೆ ಇಡಬಹುದಿತ್ತು. ಇಡಲಿಲ್ಲ.

ಒಂದು ಬೆಳಗ್ಗೆ ಚೌಡಕ್ಕ ಸಾಲಿನಲ್ಲಿ ನಿಂತಿದ್ದಳು. ಹಾಲಿನ ಕ್ಯಾನು ಅವಳ ಬಲಗೈಯಿಂದ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಹಿಡಿಯಲಿಲ್ಲ. ನನ್ನ ಕಡೆ ನೋಡಿ ಏನೋ ಹೇಳಿದಳು, ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು, ಮಾತು ಮಾತಾಗಲಿಲ್ಲ. ಅವಳನ್ನು ಜಗಲಿಯ ಮೇಲೆ ಮಲಗಿಸಿದೆವು. ಮಗ ಮುನಿರಾಜು ಗುಲಾಬಿ ತೋಟದಿಂದ ಓಡಿ ಬಂದ.

‘ಬಿಪಿ ಹೊಡ್ದಿರ್ಬೇಕು, ಹೊಸೂರಿಗೆ ಕರ್ಕೊಂಡ್ಹೋಗಾನ’ ಅಂದರು ಒಬ್ಬರು.

‘ಯಾವ ಬಿಪಿ?’ ಅಂದ ಪಾಪಣ್ಣ. ‘ಮೊನ್ನೆ ತಾನೆ ನಂಜಮ್ಮ ನೋಡವ್ಳೆ, ಎಪ್ಪತ್ತು. ಊರಿಗೇ ಕಮ್ಮಿ ಇವ್ಳುದು. ಇದು ಗಾಳಿ ಬಡ್ದಿರಾದು ಕಣ್ಲಾ ಮುನಿರಾಜ. ಎಣ್ಣೆ ಹಚ್ಚೋನ ತಾವ ಕರ್ಕೊಂಡೋಗು.’

ಮುನಿರಾಜು ನನ್ನ ಮುಖ ನೋಡಿದ. ‘ಅಕ್ಕಾ, ಎಪ್ಪತ್ತೇ ತಾನೆ?’

ನಾನು ಹೌದು ಅಂತ ತಲೆ ಆಡಿಸಿದೆ. ಎಪ್ಪತ್ತೇನೋ ನಿಜ. ಅದರ ಮೇಲೆ ನೂರ ತೊಂಬತ್ತು ಇತ್ತು ಅಂತ ಹೇಳಲು ನಾಲಿಗೆ ಏಳಲಿಲ್ಲ. ಆ ಇಪ್ಪತ್ತು ಜನ ನಕ್ಕದ್ದು ಕಿವಿಯಲ್ಲಿ ಕೇಳಿಸಿತು. ಮುನಿರಾಜು ಮತ್ತಿತರರು ಚೌಡಕ್ಕನನ್ನು ಕಾರಿನಲ್ಲಿ ಹೊಸೂರಿಗೆ ಕರೆದೊಯ್ಯುವ ಬದಲು ಘಟ್ಟದ ಕೆಳಗೆ ಎಣ್ಣೆ, ಪಾರಿವಾಳದ ರಕ್ತ ಸವರುವ ನಾಟಿವೈದ್ಯನ ಹತ್ತಿರ ಕರೆದೊಯ್ದರು. ಲಕ್ವ ಹೊಡೆದ ಮೇಲೆ ಮೊದಲ ಕೆಲವು ಗಂಟೆ ಎಷ್ಟು ಬೆಲೆಯದು ಅಂತ ಈಗ ಕಾವ್ಯಳಿಗೆ ಮೇಷ್ಟ್ರು ಹೇಳಿಕೊಡುತ್ತಾರೆ. ಆ ಗಂಟೆಗಳನ್ನು ಕಳೆದವಳು ನಾನು. ನನ್ನ ನಂಬರು ಅವಳ ಕಾಯಿಲೆಯನ್ನು ಮುಚ್ಚಿಟ್ಟದ್ದು ಒಂದು ತಪ್ಪು. ಅವಳನ್ನು ಆಸ್ಪತ್ರೆಯ ದಾರಿಯಿಂದಲೇ ತಿರುಗಿಸಿದ್ದು ಅದಕ್ಕಿಂತ ದೊಡ್ಡದು.

ಎರಡನೆಯ ದಿನ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ಬಲಗೈ ಹೋಯಿತು. ಮೂರು ಭಾಷೆಯಲ್ಲಿ ನನಗಾಗಿ ಜಗಳವಾಡಿದ ಬಾಯಿಗೆ ಒಂದು ಭಾಷೆಯಲ್ಲೂ ನಾಲ್ಕು ಮಾತು ಉಳಿಯಲಿಲ್ಲ.

ಆ ವರ್ಷವೇ ಹಳೆ ಡಾಕ್ಟರು ವರ್ಗವಾಗಿ ಹೊಸ ಡಾಕ್ಟರಮ್ಮ ಬಂದರು, ಸೇಲಂ ಕಡೆಯವರು, ಚಿಕ್ಕ ವಯಸ್ಸು. ನನ್ನ ನೋಟ್‌ಬುಕ್ಕನ್ನು ಕೇಳಿ ಇಸಿದುಕೊಂಡು ಚೌಡಕ್ಕನ ಹೆಸರಿನ ಸಾಲುಗಳನ್ನು ಬೆರಳಿಟ್ಟು ಓದಿದರು. ಪ್ರತಿ ಸಾಲಿನ ಕೊನೆಯಲ್ಲೂ ‘ನಾರ್ಮಲ್’ ಅಂತ ಇತ್ತು. ‘ಯಾರು ಬರೆದಿದ್ದು?’ ಅಂದರು. ‘ನಾನೇ’ ಅಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅವರು ಹೇಳಿದ್ದು ಇಷ್ಟು. ವಯಸ್ಸಾದವರಲ್ಲಿ ಮೇಲಿನ ನಂಬರು ಮಾತ್ರ ಏರಿ ಕೆಳಗಿನದು ಸರಿಯಾಗಿ ಕಾಣುವುದೇ ಹೆಚ್ಚು. ಅದು ಸಾಮಾನ್ಯ, ಆದರೆ ಸಾಮಾನ್ಯ ಅಂದ ಮಾತ್ರಕ್ಕೆ ಸುಖವಲ್ಲ. ಮೇಲೆ ನೂರ ನಲವತ್ತು ದಾಟಿ ಹಾಗೇ ನಿಂತಿದ್ದರೆ, ಕೆಳಗೆ ಎಷ್ಟೇ ಚೆನ್ನಾಗಿರಲಿ, ಅದೂ ಬಿಪಿಯೇ. ಮಿದುಳಿಗೂ ಗುಂಡಿಗೆಗೂ ಮೂತ್ರಪಿಂಡಕ್ಕೂ ಪೆಟ್ಟು ಕೊಡುವಂಥದೇ. ಎರಡರ ನಡುವಿನ ಅಂತರ ಅಗಲವಾದಷ್ಟೂ ರಕ್ತನಾಳ ಗಡುಸಾಗಿದೆ ಅಂತ ತಿಳಿಯಬೇಕು. ಊರಿನವರು ಹೊಗಳುತ್ತಿದ್ದ ಚೌಡಕ್ಕನ ಎಪ್ಪತ್ತು ಆರೋಗ್ಯದ ಗುರುತಾಗಿರಲಿಲ್ಲ, ಗಡುಸಾದ ನಾಳದ ಗುರುತಾಗಿತ್ತು.

ಚೌಡಕ್ಕನಿಗೆ ಮಾತ್ರೆ ಬರೆದುಕೊಟ್ಟರು. ತಿಂಗಳಾದ ಮೇಲೆ ಅವಳ ಮನೆಗೆ ಹೋಗಿ ನೋಡಿದರೆ ಮೇಲೆ ಮತ್ತೆ ನೂರ ಎಂಬತ್ತೈದು. ಮಾತ್ರೆಯ ಪಟ್ಟಿ ಗೂಡಿನಲ್ಲಿ ಹಾಗೇ ಇತ್ತು. ಇನ್ನೊಂದು ಸಲ ಹೊಡೆದರೆ ಅವಳು ಉಳಿಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿ ಕಳಿಸಿದ್ದರು.

‘ಯಾಕಪ್ಪ ಕೊಟ್ಟಿಲ್ಲ?’ ಅಂತ ಮುನಿರಾಜುವನ್ನು ಕೇಳಿದೆ.

‘ಕೆಳಗೆ ಅರವತ್ತೆಂಟೈತೆ ಅಂತ ನೀನೇ ಬರ್ದಿದ್ಯ. ಇನ್ನೂ ಇಳ್ಸಿದ್ರೆ ಮುದ್ಕಿ ಸತ್ತೋಗ್ತಾಳೆ. ಅಷ್ಟು ವರ್ಸ ಸರಿಗೈತೆ ಅಂದೋಳು ನೀನು. ಈಗ ಸರಿಗಿಲ್ಲ ಅಂತೀಯ. ಯಾವ್ದುನ್ನ ನಂಬಾನ?’

ಅವನು ಕೇಳಿದ್ದು ನ್ಯಾಯ. ಎದ್ದು ಬಂದೆ. ನಾಲ್ಕು ದಿನ ನಿದ್ದೆ ಹತ್ತಲಿಲ್ಲ. ಐದನೆಯ ದಿನ ಅವನ ಗುಲಾಬಿ ತೋಟಕ್ಕೇ ಹೋದೆ. ಅವನು ಹನಿ ನೀರಾವರಿಯ ಹಳೆ ಪೈಪು ಕಿತ್ತು ಹೊಸದು ಹಾಕುತ್ತಿದ್ದ. ಬಿಸಿಲಿಗೆ ಒಣಗಿ ಹಳೆ ಪೈಪು ಕಡ್ಡಿಯಂತಾಗಿತ್ತು. ಅರ್ಧ ಸಾಲು ಹೊಸದು, ಅರ್ಧ ಸಾಲು ಹಳೆಯದು. ಮೋಟಾರು ಹಾಕಿದ. ಹಳೆ ಸಾಲಿನ ಒಂದು ಜಾಯಿಂಟು ಪಟ್ ಅಂತ ಹಾರಿತು. ಅವನು ಬೈದುಕೊಂಡು ಮೋಟಾರು ನಿಲ್ಲಿಸಿದ.

ನಾನು ಅಲ್ಲೇ ಕೂತು ಹೊಸ ಪೈಪನ್ನು ಅದುಮಿ ನೋಡಿದೆ. ಆಮೇಲೆ ಹಳೆಯದನ್ನು ಅದುಮಿದೆ.

‘ಮುನಿರಾಜ, ಹೊಸುದ್ಯಾಕೆ ಹಾರ್ಲಿಲ್ಲ?’

‘ಅದು ಮೆತ್ತಗೈತೆ, ನೀರು ನುಗ್ದಾಗ ಊದ್ಕೊಂತದೆ. ಹಳೇದು ಊದಲ್ಲ, ಎಲ್ಲ ಏಟೂ ಜಾಯಿಂಟಿಗೇ ಬೀಳ್ತದೆ.’

‘ಮೋಟ್ರು ನಿಲ್ಲಿಸ್ದಾಗ?’

‘ಹೊಸುದು ಊದ್ಕೊಂಡಿರ್ತದಲ್ಲ, ಕುಗ್ತಾ ಕುಗ್ತಾ ಇನ್ನೊಂದಷ್ಟು ಹೊತ್ತು ಹನಿ ಬಿಡ್ತದೆ. ಹಳೇದ್ರಲ್ಲಿ ಮೋಟ್ರು ನಿಂತೇಟ್ಗೆ ಏನೂ ಇರಲ್ಲ.’ ಅವನು ಕೈಯಲ್ಲಿದ್ದ ಪೈಪನ್ನೇ ನೋಡಿದ. ‘ಅವ್ವುನ್ದೂ ಹಿಂಗೇನಾ?’

‘ಮೋಟ್ರು ಓಡ್ದಾಗ ನೂರ ತೊಂಬತ್ತು. ನಿಂತಾಗ ಎಪ್ಪತ್ತು. ನಾನು ಊರಿಗೆಲ್ಲ ನಿಂತಾಗಿಂದು ಮಾತ್ರ ಹೇಳ್ತಿದ್ದೆ ಕಣಪ್ಪ.’

ಅವನು ಬಹಳ ಹೊತ್ತು ನನ್ನನ್ನು ಬೈದ. ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಬೈದು ಮುಗಿಸಿ ಕೈ ತೊಳೆದುಕೊಂಡು, ‘ಮಾತ್ರೆ ಎಷ್ಟೊತ್ತಿಗೆ ಕೊಡ್ಬೇಕು?’ ಅಂದ.

ಅವನ ಭಯವೂ ಪೂರ್ತಿ ಸುಳ್ಳಾಗಿರಲಿಲ್ಲ, ಕಾವ್ಯ, ಇದನ್ನು ಗಮನಿಸು. ಹದಿನೈದು ದಿನದಲ್ಲಿ ಚೌಡಕ್ಕ ಹಾಸಿಗೆಯಿಂದ ಎದ್ದವಳು ತಲೆ ತಿರುಗಿ ಗೋಡೆ ಹಿಡಿದುಕೊಂಡಳು. ಡಾಕ್ಟರಮ್ಮ ಮಾತ್ರೆಯನ್ನು ಅರ್ಧಕ್ಕೆ ಇಳಿಸಿ, ಮೆಲ್ಲಮೆಲ್ಲಗೆ ಏರಿಸಿದರು. ಮುದುಕರ ಒತ್ತಡವನ್ನು ದಬಕ್ಕನೆ ಇಳಿಸಬಾರದು. ಕೂತಾಗ ನೋಡಿದ ಮೇಲೆ ನಿಲ್ಲಿಸಿ ಇನ್ನೊಮ್ಮೆ ನೋಡಬೇಕು, ನಿಂತಾಗ ಬಹಳ ಇಳಿದರೆ ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ. ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿಸಬೇಕು. ಇದಕ್ಕೆಲ್ಲ ಹೊತ್ತು ಬೇಕು. ಹೊತ್ತಿಲ್ಲ ಅನ್ನುವವರು ಈ ಕೆಲಸಕ್ಕೆ ಬರಬಾರದು.

ಚೌಡಕ್ಕನ ಮಾತ್ರೆ ಶುರುವಾಯಿತು. ಆದರೆ ನನ್ನ ನೋಟ್‌ಬುಕ್ಕಿನಲ್ಲಿ ಅವಳಂಥ ಹತ್ತಾರು ಹೆಸರಿದ್ದವು, ಎಲ್ಲದರ ಮುಂದೆಯೂ ‘ನಾರ್ಮಲ್’ ಅಂತ ಬರೆದಿತ್ತು. ಮನೆಮನೆಗೆ ಹೋಗಿ ಗುಟ್ಟಾಗಿ ಹೇಳೋಣ ಅಂತ ಮೊದಲು ಅಂದುಕೊಂಡೆ. ಅದು ನನ್ನ ಅಂಜುಬುರುಕತನದ ಲೆಕ್ಕಾಚಾರ ಅಂತ ನನಗೇ ಅನ್ನಿಸಿತು. ತಪ್ಪನ್ನು ಡೇರಿ ಜಗಲಿಯಲ್ಲಿ ಹೇಳಿದವಳು ಅದನ್ನು ಅಲ್ಲೇ ತಿದ್ದಬೇಕು.

ಮಾರನೆಯ ಬೆಳಗ್ಗೆ ಟೆಸ್ಟರಿಗೆ ಸ್ವಲ್ಪ ಹೊತ್ತು ಕೂಗಬೇಡ ಅಂದೆ. ಜಗಲಿಯ ಮೇಲೆ ನಿಂತೆ. ‘ಇಷ್ಟು ವರ್ಸ ನಿಮ್ಗೆ ನಾನು ಅರ್ಧ ಹೇಳಿ ಅರ್ಧ ಮುಚ್ಚಿಟ್ಟೆ’ ಅಂದೆ. ಧ್ವನಿ ಹೊರಡಲಿಲ್ಲ. ‘ಗಟ್ಟಿಯಾಗಿ ಬೊಗುಳಮ್ಮಿ!’ ಅಂದ ಪಾಪಣ್ಣ. ಮತ್ತೆ ಹೇಳಿದೆ. ಚೌಡಕ್ಕನಿಗೆ ಏನಾಗಿತ್ತು, ನಾನು ಏನು ಮುಚ್ಚಿಟ್ಟೆ, ಎಲ್ಲ ಹೇಳಿದೆ. ಮುನಿರಾಜು ಒಂದು ತುಂಡು ಹಳೆ ಪೈಪು, ಒಂದು ತುಂಡು ಹೊಸ ಪೈಪು ತಂದು ಎಲ್ಲರ ಕೈಗೂ ಕೊಟ್ಟ.

‘ಹಂಗಾದ್ರೆ ಇವ್ಳು ಇಷ್ಟು ದಿನ ಸುಳ್ಳೇಳವ್ಳೆ’ ಅಂದಳು ಒಬ್ಬಳು. ‘ಇನ್ಮೇಲೆ ಇವ್ಳ ತಾವ ಕೈ ಕೊಡಬಾರ್ದು’ ಅಂದಳು ಇನ್ನೊಬ್ಬಳು. ಇಬ್ಬರು ಎದ್ದೂ ಹೋದರು. ಪಾಪಣ್ಣ ಮುಂದೆ ಬಂದು ಪೆಟ್ಟಿಗೆಯ ಪಕ್ಕ ಕೂತು ತೋಳು ಚಾಚಿದ. ಐದು ನಿಮಿಷ ಮಾತಾಡದೆ ಕೂರಿಸಿದೆ. ಅವನ ಜೀವಮಾನದಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿದ್ದು ಅದೇ ಮೊದಲು. ಅಂಗಿಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಗುಂಡಿಗೆಯ ಮಟ್ಟಕ್ಕೆ ಇಡಿಸಿ, ಎರಡು ಸಲ ನೋಡಿದೆ.

‘ಮೇಲೆ ನೂರ ಎಂಬತ್ತೆರಡು, ಕೆಳಗೆ ಎಪ್ಪತ್ತಾರು’ ಅಂತ ಎಲ್ಲರಿಗೂ ಕೇಳುವಂತೆ ಹೇಳಿದೆ.

‘ನೂರ ಎಂಬತ್ತೆಲ್ಡಾ!’ ಅಂದ. ‘ಹಾಲಿಗೆ ಬಂದಿದ್ರೆ ಡೇರಿಯೋರು ನನ್ನ ಎಮ್ಮೆಗೆ ಶಾಲು ಹೊದಿಸ್ತಿದ್ರು.’ ಎಲ್ಲರೂ ನಕ್ಕರು. ಅವನು ನಗಲಿಲ್ಲ. ನನ್ನ ಹತ್ತಿರ ಬಗ್ಗಿ, ‘ಎಷ್ಟು ವರ್ಸದಿಂದ ಹಿಂಗೈತೆ ನಂಜಮ್ಮಾ?’ ಅಂದ. ನೋಟ್‌ಬುಕ್ಕು ತೆರೆದು ತೋರಿಸಿದೆ. ಅವನಿಗೆ ಓದು ಬಾರದು, ಆದರೂ ಎಲ್ಲ ಪುಟ ತಿರುಗಿಸಿ ನೋಡಿದ.

ಹಾಗೆ ಒಬ್ಬೊಬ್ಬರಾಗಿ ಬಂದರು. ಎದ್ದು ಹೋದವರಲ್ಲಿ ಒಬ್ಬಳು ವಾರದ ಮೇಲೆ ಬಂದಳು, ಇನ್ನೊಬ್ಬಳು ಬರಲೇ ಇಲ್ಲ. ಆಮೇಲೆ ಪಾದರಸದ ಪೆಟ್ಟಿಗೆ ಹೋಗಿ ಗಡಿಯಾರದಂಥ ಮುಳ್ಳಿನದು ಬಂತು, ಅದು ಹೋಗಿ ಬ್ಯಾಟರಿಯದು ಬಂತು. ಬ್ಯಾಟರಿಯದು ಎರಡು ನಂಬರನ್ನೂ ತಾನೇ ತೋರಿಸುತ್ತದೆ. ಆದರೂ ಜನ ಕೆಳಗಿನದನ್ನೇ ನೋಡಿ ಸಮಾಧಾನ ಪಡುವುದನ್ನು ನಾನು ನಿವೃತ್ತಿಯ ದಿನದವರೆಗೂ ಕಂಡೆ. ಮಿಷನ್ನು ಬದಲಾದರೂ ಜನರ ಬಾಯಲ್ಲಿ ಬಂದ ಮಾತು ಬದಲಾಗಲಿಲ್ಲ.

ನಾನು ಎದ್ದು ನಿಂತು ಮಾತಾಡಿದ ಎರಡು ತಿಂಗಳಿಗೆ ಮುನಿರಾಜು ಚೌಡಕ್ಕನನ್ನು ಬೈಕಿನ ಹಿಂದೆ ಟವೆಲಿನಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಡೇರಿಗೆ ಕರೆತಂದ. ಅವಳು ಹಟ ಮಾಡಿ ಬಂದಿದ್ದಳಂತೆ. ಜಗಲಿಯ ಮೇಲೆ ಕೂತು ಎಡ ತೋಳು ಚಾಚಿದಳು. ನಾನು ಪಟ್ಟಿ ಸುತ್ತಿ ಎರಡು ಸಲ ನೋಡಿದೆ. ಅವಳು ನನ್ನ ಮುಖ ನೋಡುತ್ತಾ ತುಟಿ ಕೂಡಿಸಿದಳು. ಬಹಳ ಕಷ್ಟಪಟ್ಟು ಒಂದು ಪದ ಹೊರಡಿಸಿದಳು.

‘ಮೇ... ಲೆ?’

‘ನೂರ ನಲವತ್ತೆರಡು ಚೌಡಕ್ಕಾ’ ಅಂದೆ.

ಅವಳು ಎಡಗೈಯಿಂದ ನನ್ನ ಕೆನ್ನೆಗೆ ಮೆಲ್ಲಗೆ ಒಂದು ಏಟು ಕೊಟ್ಟಳು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿಯದು. ಆಮೇಲೆ ಆರು ವರ್ಷ ಬದುಕಿದ್ದಳು, ಎರಡನೆಯ ಸಲ ಹೊಡೆಯಲಿಲ್ಲ. ಆ ಆರು ವರ್ಷವೂ ಎಡಗೈಯಲ್ಲೇ ಉಂಡಳು. ಅದನ್ನು ನಾನು ಪಕ್ಕದ ಮನೆಯಿಂದ ದಿನಾ ನೋಡಿದೆ.

ಕಾವ್ಯ, ನೀನು ಕೆಲಸಕ್ಕೆ ಸೇರಿದ ಮೇಲೆ ನಿನಗಿಂತ ದೊಡ್ಡ ಕುರ್ಚಿಯಲ್ಲಿ ಕೂತ ಯಾರಾದರೂ, ಮುದುಕರಿಗೆ ಅಷ್ಟಿರುತ್ತದೆ ಬಿಡು ಅಂತ ಹೇಳಿಯೇ ಹೇಳುತ್ತಾರೆ. ಎಲ್ಲರ ಮುಂದೆ ನಗಲೂಬಹುದು. ಆಗ ನನ್ನ ಹಾಗೆ ಹೊರಗೆ ಬರಬೇಡ. ಬಾಯಿ ಬಂದರೆ ಮಾತಾಡು, ಬಾರದಿದ್ದರೆ ಬರೆದಿಟ್ಟದ್ದನ್ನು ತೆರೆದು ಮೇಜಿನ ಮೇಲೆ ಇಡು. ಹರೀಶ, ನೀನು ಕಾರ್ಖಾನೆಗೆ ಹೋಗುವವನು, ನಿನಗಿದು ಬೇಡ ಅಂದುಕೊಳ್ಳಬೇಡ. ನಿಮ್ಮಪ್ಪನಿಗೂ ಅರವತ್ತು ಹತ್ತಿರ ಬಂತು, ಅವನ ತೋಳಿಗೆ ಪಟ್ಟಿ ಸುತ್ತಿದಾಗ ಎರಡೂ ನಂಬರು ಕೇಳು. ಈ ಹಾಳೆಗಳನ್ನು ಒದ್ದೆಯಾಗದ ಕಡೆ, ಇಲಿ ಮುಟ್ಟದ ಕಡೆ ಇಡಿ. ಇದರಲ್ಲಿ ನನ್ನ ತಪ್ಪು ಇದೆ, ಅದಕ್ಕೇ ಹೇಳುತ್ತಿದ್ದೇನೆ, ಹರಿಯಲು ಬಿಡಬೇಡಿ.